ಸೂರಮ್ಮನ ಬೋಗುಣಿ

ಕೋವಿಡ್ ತಗ್ಗಿದ ಮರುವರ್ಷ ನಾನು ಹೊಸಪೇಟೆಯ ಒಂದು ಸಣ್ಣ ವಸ್ತುಸಂಗ್ರಹಾಲಯದಲ್ಲಿ ಪ್ರದರ್ಶನ ವಿನ್ಯಾಸಕನಾಗಿದ್ದೆ. ಯಾವ ವಸ್ತುವನ್ನು ಎಲ್ಲಿಡಬೇಕು, ಅದರ ಫಲಕದಲ್ಲಿ ಏನು ಬರೆಯಬೇಕು ಎಂದು ನಿರ್ಧರಿಸುವುದು ನನ್ನ ಕೆಲಸ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಬರ್ಮಾದಿಂದ ಕಾಲ್ನಡಿಗೆಯಲ್ಲಿ ಪಾರಾಗಿ ಬಂದ ಹತ್ತಿರದ ಮೆಟ್ರಿ ಊರಿನ ಕುಟುಂಬವೊಂದರ ಬಗ್ಗೆ ಆ ಸಲದ ಪ್ರದರ್ಶನ. ಯಜಮಾನರು ರಂಗೂನಿನ ಅಕ್ಕಿ ಗಿರಣಿಯಲ್ಲಿ ಫಿಟ್ಟರ್. ಬಾಂಬು ಬಿದ್ದಾಗ ಹೆಂಡತಿ ಮತ್ತು ಐದು ವರ್ಷದ ಮಗಳೊಂದಿಗೆ ಬೆಟ್ಟ ಹತ್ತಿ ಅಸ್ಸಾಮಿಗೆ ಇಳಿದಿದ್ದರು. ಆ ಮಗಳೇ ಬಸಮ್ಮ. ಈಗ ಎಂಬತ್ತು ದಾಟಿದವರು.

ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಪಳಗಿದ ನನಗೆ, ಯುದ್ಧದ ವಿರುದ್ಧ ಮಾತಾಡಲು ಇದಕ್ಕಿಂತ ದೊಡ್ಡ ವೇದಿಕೆ ಬೇಕಿರಲಿಲ್ಲ. ನನ್ನ ಫಲಕಗಳೆಲ್ಲ ಭಾಷಣಗಳಾಗಿದ್ದವು.

ಬಸಮ್ಮ ಒಂದು ಕಂಬಳಿ ಮತ್ತು ಒಂದು ಹಿತ್ತಾಳೆ ಬೋಗುಣಿಯನ್ನು ಕೊಟ್ಟಿದ್ದರು. ಬೋಗುಣಿಯಲ್ಲಿ ಒಂದು ಹಿಡಿ ಅಕ್ಕಿಯಿತ್ತು. ಧಾನ್ಯಕ್ಕೆ ಹುಳು ಬಿದ್ದು ಕಂಬಳಿಗೂ ಹರಡೀತೆಂದು ಅಕ್ಕಿಯನ್ನು ತೆಗೆಸಿದೆ. ಬೋಗುಣಿಯ ಕಂಠದ ಮೇಲೆ ತೆಲುಗಿನಲ್ಲಿ ‘ಸೂರಮ್ಮ’ ಎಂದು ಕೆತ್ತಿತ್ತು. ನೋಡುವವರಿಗೆ ಗೊಂದಲವಾಗದಿರಲೆಂದು ಆ ಭಾಗವನ್ನು ಗೋಡೆಗೆ ತಿರುಗಿಸಿ, ‘ಕುಟುಂಬದ ಬೋಗುಣಿ’ ಎಂದು ಬರೆಸಿದೆ.

ಉದ್ಘಾಟನೆಯ ಹಿಂದಿನ ದಿನ ಬಸಮ್ಮ ಬಂದು ಗಾಜಿನೊಳಗೆ ಇಣುಕಿದರು.

“ಖಾಲಿ ಮಾಡಿದವ್ರು ಯಾರ್ರಿ?”

ಮ್ಯೂಸಿಯಂ ನಿಯಮವನ್ನು ವಿವರಿಸಿದೆ. ಅವರು ತಾಳ್ಮೆಯಿಂದ ಕೇಳಿದರು.

“ನಿಮ್ಮನಿಯಾಗ ಮಂದಿ ಪಾತ್ರಿ ಖಾಲಿ ವಾಪಸ್ ಕೊಡ್ತೀರೇನು?”

“ಇದು ನಿಮ್ಮದೇ ಅಲ್ವೇನ್ರಿ, ಅಮ್ಮ?”

“ನಮ್ದಂತ ಯಾರಂದ್ರು? ಹೆಸರು ಗ್ವಾಡಿಗೆ ತಿರುವಿ ಇಟ್ಟೀರಲ್ಲ. ಓದಿದವ್ರು ನೀವು, ಓದಬಾರ್ದಾ?”

ಅವರು ಹೇಳಿದ್ದಿಷ್ಟು. ಬರ್ಮಾದಿಂದ ಬರುವಾಗ ಬೆಟ್ಟದ ದಾರಿಯಲ್ಲಿ ಬಸಮ್ಮನಿಗೆ ಜ್ವರ ಬಂದಿತ್ತು. ಸೂರಮ್ಮ ಎಂಬ ಅಪರಿಚಿತ ಹೆಂಗಸು ಬೋಗುಣಿ ತುಂಬ ಗಂಜಿ ಕೊಟ್ಟು, ಪಾತ್ರೆಯನ್ನು ಮುಂದಿನ ಬಿಡಾರದಲ್ಲಿ ಕೊಟ್ಟರಾಯಿತು ಎಂದಿದ್ದಳು. ಮುಂದಿನ ಬಿಡಾರದಲ್ಲಿ ಅವಳು ಸಿಗಲಿಲ್ಲ. ಅಂದಿನಿಂದ ಬಸಮ್ಮನ ತಾಯಿ, ನಂತರ ಬಸಮ್ಮ, ಪ್ರತಿ ಸುಗ್ಗಿಗೂ ಹೊಸ ಅಕ್ಕಿ ಹಾಕಿ ಅದನ್ನು ಕಾಯ್ದಿಟ್ಟಿದ್ದರು. ಎರವಲು ತಂದ ಪಾತ್ರೆ ಖಾಲಿಯಾಗಿ ಮರಳಬಾರದು.

“ಹಂಪಿ ನೋಡಾಕ ಆಂಧ್ರದಿಂದ ಭಾಳ ಮಂದಿ ಬರ್ತಾರ. ಅವಳ ಪೈಕಿ ಯಾರಾದ್ರೂ ಗುರುತು ಹಿಡಿದಾರು ಅಂತ ಕೊಟ್ಟೆ. ಇಷ್ಟು ವರ್ಷ ಕಾಯ್ದವ್ರನ್ನ ಕಡೀಕ ಕಳ್ಳರನ್ನ ಮಾಡಿದ್ರಿ ನೋಡ್ರಿ. ಹಿಂಗ ಇಡೋದಾದ್ರ ಬ್ಯಾಡ, ನಾ ಒಯ್ತೀನಿ.”

ಒಯ್ಯಬೇಡಿರೆಂದು ಕೇಳಿಕೊಂಡೆ. ಬೋಗುಣಿಗೆ ಕಂಬಳಿಯಿಂದ ದೂರ ಬೇರೆ ಗಾಜಿನ ಪೆಟ್ಟಿಗೆ ಮಾಡಿಸಿದೆ. ಹುಳು ಬೀಳದಂತೆ ಅಕ್ಕಿಯನ್ನು ಹುರಿಯಬಹುದೇ ಎಂದು ಅಂಜುತ್ತಲೇ ಕೇಳಿದೆ.

“ಹುರದ್ರೂ ಅಕ್ಕಿ ಅಕ್ಕೀನ ಬಿಡ್ರಿ,” ಎಂದು ನಕ್ಕರು. ಹುರಿದ ಅಕ್ಕಿಯನ್ನು ತಾವೇ ಒಂದು ಹಿಡಿ ಹಾಕಿ, ಹೆಸರನ್ನು ಬಾಗಿಲ ಕಡೆ ತಿರುಗಿಸಿದರು.

ನನ್ನ ಭಾಷಣಗಳಲ್ಲಿ ಅರ್ಧವನ್ನು ಅಂದೇ ಇಳಿಸಿದೆ. ವಸ್ತುವಿನ ಬಗ್ಗೆ ಬರೆಯುವ ಮೊದಲು ಅದು ಯಾರದೆಂದು ಕೇಳಬೇಕು. ಈ ವೃತ್ತಿ ನನಗೆ ಕಲಿಸಿದ್ದು ಅದನ್ನು. ಎರವಲು ವಸ್ತುಗಳ ರಿಜಿಸ್ಟರಿನಲ್ಲಿ ಬೋಗುಣಿಯ ಮುಂದಿದ್ದ ಬಸಮ್ಮನ ಹೆಸರು ಹೊಡೆದುಹಾಕಿ ಹೊಸದಾಗಿ ಬರೆದೆ: ಒಡತಿ, ಸೂರಮ್ಮ. ವಿಳಾಸದ ಕಾಲಂ ಇನ್ನೂ ಖಾಲಿ ಇದೆ. ಬೋಗುಣಿ ಮಾತ್ರ ಖಾಲಿ ಇಲ್ಲ.