ಒಂದೇ ಕೈಯಲ್ಲಿ ತೊಡುವ ಅಂಗಿ

ಸೂಜಿಯಕ್ಕನಿಗೆ ಆ ಹೆಸರು ಸುಮ್ಮನೆ ಬಂದಿದ್ದಲ್ಲ. ಕೈಯಲ್ಲೂ ಸೂಜಿ, ನಾಲಿಗೆಯಲ್ಲೂ ಸೂಜಿ. ಮಹಡಿ ಮೆಟ್ಟಿಲ ಕೆಳಗಿನ ಕೋಣೆಯಲ್ಲಿ ಅವಳ ಅಂಗಡಿ. ಮೂರು ಹೊಲಿಗೆ ಮಿಷನ್ನು, ಬಟ್ಟೆ ಕತ್ತರಿಸುವ ಮೇಜಾಗಿ ಬಡ್ತಿ ಪಡೆದ ಒಂದು ಹಳೇ ಬಾಗಿಲು, ನೆಲದ ತುಂಬ ನೂಲಿನ ಚೂರು.

ಅಲ್ಲಿ ಕೆಲಸ ಸಿಗಬೇಕಾದರೆ ಒಂದು ವಿಚಿತ್ರ ಕಟ್ಟಳೆ: ಮನೆಯಲ್ಲಿ ಹಾಸಿಗೆ ಹಿಡಿದವರು ಇರಬೇಕು. ಅಂಥ ಹೆಂಗಸರಿಗೆ ಬೇರೆ ಕಡೆ ಕೆಲಸ ಎಲ್ಲಿ ಬರಬೇಕು? ರೋಗಿಯನ್ನು ಬಿಟ್ಟು ದಿನವಿಡೀ ಹೊರಗಿರುವ ಹಾಗಿಲ್ಲವಲ್ಲ. ಹಾಗಾಗಿ ರೋಗಿಗಳು ಉಂಡು ಕಣ್ಣು ಮುಚ್ಚಿದ ಮೇಲೆ ಈ ಮಿಷನ್ನುಗಳು ಕಣ್ಣು ಬಿಡುತ್ತಿದ್ದವು. ಹೊಲಿಯುತ್ತಿದ್ದುದೂ ಅಂಥವರಿಗೇ, ಕೈಕಾಲು ಆಡದವರು ತೊಡುವ ಬಟ್ಟೆ.

"ಧರ್ಮಕ್ಕೆ ಹೊಲಿದು ಕೊಡ್ತೀಯೇನಕ್ಕಾ?" ಎಂದು ಯಾರಾದರೂ ಕೇಳಿದರೆ ಸೂಜಿಯಕ್ಕ ಕನ್ನಡಕದ ಮೇಲಿಂದ ನೋಡುತ್ತಿದ್ದಳು. "ಧರ್ಮಕ್ಕೆ ಹೊಲಿದ್ರೆ ನೂಲು ಯಾರಪ್ಪ ತಂದ್ಕೊಡ್ತಾನೆ? ಇದು ವ್ಯಾಪಾರಾನೇ. ಒಳ್ಳೇ ಕೆಲಸಕ್ಕೂ ಹೊಟ್ಟೆ ಅನ್ನೋದು ಇರುತ್ತೆ."

ಆದರೆ ವ್ಯಾಪಾರ ಆಮೆ ನಡಿಗೆಯಲ್ಲಿತ್ತು. ಆಗ ಕೈಕಾಲು ಬಿದ್ದವರನ್ನು ನೋಡಿಕೊಳ್ಳುವ ಹತ್ತಿರದ ಆರೈಕೆ ಮನೆಯಿಂದ ಕರೆ ಬಂತು. ಅಲ್ಲಿಯವರು ಇವಳ ಅಂಗಿ ಒಪ್ಪಿ ತೊಟ್ಟರೆ ಇಡೀ ಮನೆಯ ಹೊಲಿಗೆ ಇವರಿಗೇ. ಒಪ್ಪದಿದ್ದರೆ ಅಂಗಡಿಗೆ ಬೀಗ. ಹೆಂಗಸರು ಮತ್ತೆ ಮನೆಯ ನಾಲ್ಕು ಗೋಡೆಗಳ ಜೊತೆ ಮಾತಾಡಿಕೊಂಡಿರಬೇಕು.

ಎಲ್ಲರೂ ತಲೆ ಓಡಿಸಿ ಹೊಲಿದರು. ಬೆನ್ನಿನ ಉದ್ದಕ್ಕೂ ತೆರೆದುಕೊಳ್ಳುವ ಅಂಗಿ. ಮುಂದಿನಿಂದ ತೋಳು ತೂರಿಸಿ, ಹಿಂದೆ ಪಟಪಟನೆ ಮುಚ್ಚಿದರೆ ಮುಗಿಯಿತು. "ನಮ್ಮತ್ತೇಗೆ ಹಾಕಿ ನೋಡ್ದೆ, ಒಗ್ಗರಣೆ ಸೀಯೋ ಅಷ್ಟರಲ್ಲಿ ಆಗ್ಹೋಯ್ತು!" ಎಂದಳು ಪಟಾಕಿ. ಮಾತು ಒಮ್ಮೆ ಹತ್ತಿಕೊಂಡರೆ ನಿಲ್ಲದ ಹೆಂಗಸಾದ್ದರಿಂದ ಅವಳಿಗೆ ಆ ಹೆಸರು.

ಅಂಗಿ ಹೋದ ವೇಗದಲ್ಲೇ ವಾಪಸ್ಸು ಬಂತು. ಬೇಡವೆಂದವನು ಬೇರೆ ಯಾರೂ ಅಲ್ಲ, ಅದೇ ಆರೈಕೆ ಮನೆಯಲ್ಲಿದ್ದ ಸೂಜಿಯಕ್ಕನ ಸ್ವಂತ ಅಣ್ಣ. ಬಸ್ಸು ಓಡಿಸುತ್ತಿದ್ದವನು, ಲಕ್ವ ಹೊಡೆದು ಬಲಗೈ ಬಿದ್ದುಹೋಗಿತ್ತು. ಅವನು ಬೇಡವೆಂದ ಮೇಲೆ ಉಳಿದವರೂ ಅವನ ಹಿಂದೆಯೇ ಹೊರಟರು, ಬಸ್ಸು ಇನ್ನೂ ಅವನೇ ಓಡಿಸುತ್ತಿದ್ದ ಹಾಗೆ.

ಸೂಜಿಯಕ್ಕ ಉರಿದುಕೊಂಡು ಹೋದಳು. "ಅಣ್ಣಾ, ಒಡಹುಟ್ಟಿದವಳ ಹೊಟ್ಟೆ ಮೇಲೇ ಹೊಡೀತೀಯಾ? ಏನು ಕಮ್ಮಿಯಾಗಿದೆ ಆ ಅಂಗೀಲಿ?"

"ಅಂಗಿ ಚೆನ್ನಾಗೇ ಇದೆ ಕಣೇ," ಎಂದ ಅಣ್ಣ. "ತೊಡಿಸೋರಿಗೆ. ನಾನು ಹಾಕ್ಕೋಬೇಕಾದ್ರೆ ಬೆನ್ನಲ್ಲಿ ಇನ್ನೊಂದು ಕೈ ಹುಟ್ಟಬೇಕು."

ಸೂಜಿಯಕ್ಕ ಬಂದ ದಾರಿ ಹಿಡಿದಳು. ದಾರಿಯುದ್ದಕ್ಕೂ ಆ ಮಾತು ಚಪ್ಪಲಿಯೊಳಗಿನ ಕಲ್ಲಿನ ಹಾಗೆ ಒತ್ತುತ್ತಿತ್ತು.

ಅಂಗಡಿಗೆ ಬಂದವಳೇ ಬಲಗೈಯನ್ನು ಸೊಂಟಕ್ಕೆ ಕಟ್ಟಿಸಿಕೊಂಡಳು. "ಈಗ ನಾನೇ ಹಾಕ್ಕೋತೀನಿ. ಯಾರೂ ಮುಟ್ಟಬೇಡಿ." ಎಡಗೈ ಬೆನ್ನ ಹಿಂದೆ ತಡಕಿತು, ತೋಳು ಸಿಕ್ಕಿಕೊಂಡಿತು, ಕನ್ನಡಕ ಕೆಳಗೆ ಬಿತ್ತು. ಪಟಾಕಿ ತಡೆಯಲಾರದೆ ಕೈ ಚಾಚಿದಳು. ಸೂಜಿಯಕ್ಕನ ಕಣ್ಣು ಆ ಕೈಯ ಮೇಲೆ ನಿಂತಿತು.

"ನೋಡಿದ್ಯೇನೇ? ನಾವೆಲ್ಲ ಬಟ್ಟೆ ತೊಡಿಸಿ ತೊಡಿಸಿ ಪಳಗಿದೋರು. ಅಳತೆ ತಗೊಂಡಿದ್ದು ಅವರ ಮೈದು, ಹೊಲಿದಿದ್ದು ಮಾತ್ರ ನಮ್ಮ ಕೈಗೆ!"

ಆರೈಕೆ ಮನೆಯವರ ಹತ್ತಿರ ಇನ್ನೊಂದು ಅವಕಾಶ ಕೇಳಿಕೊಂಡು, ಮತ್ತೆ ಮೊದಲಿಂದ. ಆದರೆ ಈ ಸಲ ಹೊಲಿದವರು ಒಬ್ಬೊಬ್ಬರೂ ಒಂದು ಕೈ ಕಟ್ಟಿಕೊಂಡು ಹಾಕಿ ನೋಡಬೇಕು. ಅಂಗಿ ಎದೆಯ ಮೇಲೇ ತೆರೆಯಿತು. ಮಕ್ಕಳ ಶೂನಲ್ಲಿ ಚರ್ ಎಂದು ಬಿಚ್ಚಿಕೊಳ್ಳುತ್ತದಲ್ಲ, ಆ ಅಂಟುಪಟ್ಟಿ ಒಳಗೆ. ಮೇಲೆ ನೋಟಕ್ಕೆ ಸಾಲಾಗಿ ಬಟನ್. ಆರೈಕೆ ಮನೆಯ ಅಂಗಿ ಎಂದು ಯಾರೂ ಹೇಳುವಂತಿರಲಿಲ್ಲ.

ಅಂಗಿ ತೆಗೆದುಕೊಂಡು ಹೋದ ದಿನ ಅಣ್ಣ ಕೋಣೆಯ ಬಾಗಿಲು ಹಾಕಿಕೊಂಡ. ಹೊರಗೆ ಬೆಂಚಿನ ಮೇಲೆ ಸೂಜಿಯಕ್ಕ, ಪಟಾಕಿ, ಪಕ್ಕದಲ್ಲಿ ಆರೈಕೆ ಮನೆ ನೋಡಿಕೊಳ್ಳುವ ಮೇಡಂ. ಒಳಗಿನಿಂದ ಚರ್ ಎಂದು ಶಬ್ದ. ಆಮೇಲೆ ಒಂದು ಬೈಗುಳ. ಮತ್ತೆ ಚರ್.

"ಹೋಗಿ ಒಂಚೂರು ನೋಡ್ಲಾ ಅಕ್ಕಾ?" ಎಂದು ಪಟಾಕಿ ಎದ್ದಳು.

"ಕೂತ್ಕೋ. ಅವನೇನು ಮದುವೆ ಗಂಡಾ, ಮುಹೂರ್ತ ಮೀರೋಕೆ?"

ಕೊನೆಗೆ ಬಾಗಿಲು ತೆರೆಯಿತು. ಅಣ್ಣ ಗೋಡೆ ಹಿಡಿದು ನಿಂತಿದ್ದ. ಕಾಲರು ಒಂದು ಕಡೆ ಮಡಚಿಕೊಂಡಿತ್ತು, ಒಂದು ಪಟ್ಟಿ ಸೊಟ್ಟಗೆ ಅಂಟಿತ್ತು. ಸರಿಮಾಡಲು ಹೋದ ಪಟಾಕಿಯ ಕೈಗೆ ಸೂಜಿಯಕ್ಕ ಪಟ್ಟನೆ ಒಂದು ಕೊಟ್ಟಳು. "ಬಿಡೇ! ಸೊಟ್ಟಗಿದ್ರೂ ಅದು ಅವನು ಹಾಕ್ಕೊಂಡಿದ್ದು."

ಅಣ್ಣ ಎದೆಯ ಎಡಗಡೆಯ ಜೇಬನ್ನು ಎಡಗೈಯಿಂದ ಮುಟ್ಟಲು ಹೋದ. ಮಣಿಕಟ್ಟು ತಿರುಚಿತೇ ಹೊರತು ಬೆರಳು ಒಳಗೆ ಹೋಗಲಿಲ್ಲ. "ಜೇಬು ಈ ಕಡೆ ಇಟ್ಟಿದ್ದೀಯಲ್ಲ, ಇದಕ್ಕೆ ಯಾರ ಕೈ ಹಾಕ್ಲಿ? ನಿಂದಾ?"

"ಅಂಗಿ ಸಾಲದು ಅಂತ ಇದೊಂದು ಬೇರೆ!" ಎಂದು ಸೂಜಿಯಕ್ಕ ನಕ್ಕಳು. ಕಣ್ಣು ಮಾತ್ರ ಒದ್ದೆಯಾಗಿತ್ತು.

ಅಷ್ಟರಲ್ಲಿ ಪಕ್ಕದ ಕೋಣೆಯ ಮುದುಕರೊಬ್ಬರು ಬಾಗಿಲಿನಿಂದ ಇಣುಕಿದರು. "ಡ್ರೈವರ್, ಅಂಗಿ ನೀನೇ ಹಾಕ್ಕೊಂಡ್ಯಾ? " ಆಮೇಲೆ ಸೂಜಿಯಕ್ಕನ ಕಡೆ ತಿರುಗಿದರು. "ನನಗೆ ಬಿದ್ದಿರೋದು ಎಡಗೈ ಕಣಮ್ಮಾ, ನನ್ನ ಜೇಬು ಇರೋ ಕಡೆಯೇ ಇರ್ಲಿ."

ಸೂಜಿಯಕ್ಕ ಮೇಡಂ ಮುಖ ನೋಡಿದಳು. ಮೇಡಂ ನಗುತ್ತ ಹೇಳಿದರು: "ನನ್ನ ಮುಖ ಯಾಕೆ ನೋಡ್ತೀರಿ? ಎಲ್ಲರದ್ದೂ ಅಳತೆ ತಗೊಳ್ಳಿ."

ಸೂಜಿಯಕ್ಕ ಕೊರಳಿನ ಟೇಪು ಎಳೆದು ಮುದುಕರ ಮುಂದೆ ಹೋಗಿ ನಿಂತಳು. ಆದರೆ ಟೇಪು ಬಿಚ್ಚುವ ಮೊದಲು ಕೇಳಿದಳು: "ಅಪ್ಪಾ, ದಿನಾ ಅಂಗಿ ಹೇಗೆ ಹಾಕ್ಕೋತೀರಿ, ಒಂದ್ಸಲ ತೋರಿಸ್ತೀರಾ?"