ಒದೆಯುವ ಹಸು ಒದೆಯುತ್ತದೆ ಎಂದೇ ಹೇಳಿದವರು

"ಈ ಹಸ ಒದೀತದೆ ಕಣಕ್ಕ, ಮೊದ್ಲೇ ಯೋಳ್ಬುಡ್ತೀನಿ" ಎಂದರು ಪಾಂಡವಪುರದ ದನದ ವ್ಯಾಪಾರಿ ಜೋಸೆಫಣ್ಣ. ಆ ಹಸುವನ್ನು ಕೊಳ್ಳಲೆಂದೇ ನಾನೂ ನನ್ನ ಯಜಮಾನರೂ ದೇವಲಾಪುರದಿಂದ ಹೋಗಿದ್ದೆವು. ಅದರ ಅಂದಕ್ಕೆ ಮನಸೋತು ನಾನು ಆಗಲೇ ಹಗ್ಗ ಹಿಡಿದುಕೊಂಡಿದ್ದೆ.

ಹಾಯುವ ಎತ್ತನ್ನೂ ಸಾಧು ಎಂದು ಹೊಗಳುವ ವ್ಯಾಪಾರಿಗಳನ್ನೇ ಕಂಡಿದ್ದ ನಮ್ಮ ಯಜಮಾನರು, "ನೀವೇ ಇಂಗಂದ್ರೆ ಯಾಪಾರ ಆಯ್ತದಾ?" ಎಂದು ಕೇಳಿದರು.

"ಸುಳ್ಳೇಳಿ ಮಾರ್ಬುಟ್ಟು ಭಾನ್ವಾರ ಚರ್ಚಲ್ಲಿ ಯೇಸಪ್ಪನ ಮುಂದೆ ಎಂಗಣ್ಣ ಮಂಡಿ ಊರ್ಲಿ?" ಎಂದ ಜೋಸೆಫಣ್ಣ, ಹೊತ್ತಿಗೆ ಒಂದು ಬಕೆಟ್ಟು ಹಾಲು ಕೊಡುತ್ತದೆಂದೂ ಹೇಳಿ ತಾವೇ ಕರೆಯಲು ಕೂತರು. ಬಕೆಟ್ಟಿಗೆ ನೊರೆ ತುಂಬುವ ಹೊತ್ತಿಗೆ ಹಸು ಝಾಡಿಸಿ ಒದೆಯಿತು. ಮೀಸೆಯಿಂದ ಹಾಲು ತೊಟ್ಟಿಕ್ಕುತ್ತಿದ್ದರೂ ಅವರ ಮುಖದಲ್ಲಿ ಎಂಥದೋ ಹೆಮ್ಮೆ. ನಾನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ.

"ಒದೆ ಮುಚ್ಚಿಡದೋರು ಹಾಲಿನ ಇಸ್ಯದಲ್ಲಿ ಸುಳ್ಳೇಳ್ತಾರಾ? ಹೊಡ್ಕೊಂಡು ನಡಿ" ಎಂದರು ಯಜಮಾನರು. ಮನೆಯಲ್ಲಿ ಅವರು ಕರೆಯಲು ಕೂತ ಮೊದಲ ಸಂಜೆಯೇ ಬಕೆಟ್ಟು ಕೊಟ್ಟಿಗೆಯಾಚೆ ಹಾರಿತು. ಬೈಯುತ್ತಾರೆಂದುಕೊಂಡರೆ, ಸಗಣಿಯಲ್ಲಿ ಕೂತಲ್ಲಿಯೇ "ಜೋಸೆಫಣ್ಣ ಯೋಳಿದ್ದು ದಿಟ ಕಣೇ" ಎಂದು ನಗತೊಡಗಿದರು. ಈಗ ಹಿಂಗಾಲಿಗೆ ಹಗ್ಗ ಕಟ್ಟಿ ಕರೆಯುತ್ತೇವೆ. ಹಾಲು ಜೋಸೆಫಣ್ಣ ಹೇಳಿದಷ್ಟೇ ಇದೆ.

ಮೊನ್ನೆ ಪಕ್ಕದ ಬೀದಿಯ ಸಾಕಮ್ಮ ನನ್ನ ಕೋಳಿಯನ್ನು ಕೊಳ್ಳಲು ಬಂದಾಗ, "ಇದು ತನ್ನ ಮೊಟ್ಟೆಯ ತಾನೇ ಕುಕ್ಕಿ ತಿಂತದೆ ಕಣಕ್ಕ" ಎಂದು ನನ್ನ ಬಾಯಿಂದ ತಾನಾಗಿಯೇ ಬಂತು. ಸಾಕಮ್ಮ ಕೋಳಿಯನ್ನು ಕೊಳ್ಳದೆ ಹೊರಟುಹೋದರು. ನಾನು ಕೋಳಿಯನ್ನು ಕಂಕುಳಲ್ಲಿ ಇರುಕಿಕೊಂಡು, ಏನೋ ಗೆದ್ದವಳಂತೆ ಒಬ್ಬಳೇ ನಗುತ್ತಾ ನಿಂತಿದ್ದೆ.