ಐವತ್ತು ಮತ ಹೆಚ್ಚು

೨೦೨೪ರ ಲೋಕಸಭಾ ಚುನಾವಣೆಯ ಹೊತ್ತಿಗೆ ನಾನು ಚನ್ನಗಿರಿಯ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನದ ಶಿಕ್ಷಕನಾಗಿದ್ದೆ. ನಿವೃತ್ತಿಗೆ ಹನ್ನೊಂದು ತಿಂಗಳು ಬಾಕಿ ಇತ್ತು. ಚುನಾವಣೆ ಬಂತೆಂದರೆ ನಾನು ಮಾಸ್ಟರ್ ಟ್ರೈನರ್ ಕೂಡ, ಅಂದರೆ ಮತಗಟ್ಟೆಗೆ ಹೋಗುವ ಸಿಬ್ಬಂದಿಗೆ ಮತಯಂತ್ರದ ಪಾಠ ಹೇಳುವವನು. "ಕ್ಲೋಸ್, ರಿಸಲ್ಟ್, ಕ್ಲಿಯರ್. ನಿದ್ದೆಗಣ್ಣಲ್ಲೂ ಮರೀಬೇಡಿ" ಎಂದು ಎಷ್ಟು ಜನರ ತಲೆಗೆ ತುಂಬಿದ್ದೆನೋ ಲೆಕ್ಕವಿಲ್ಲ. ಹೇಳೋದು ಆಚಾರ, ತಿನ್ನೋದು ಬದನೆಕಾಯಿ ಎಂಬ ಗಾದೆ ನನ್ನಂಥವರನ್ನು ನೋಡಿಯೇ ಹುಟ್ಟಿರಬೇಕು.

ಆ ಮೂರು ಪದಗಳ ಅರ್ಥ ಇಷ್ಟೇ. ಮತದಾನ ಶುರುವಾಗುವ ಮುನ್ನ, ಅಭ್ಯರ್ಥಿಗಳ ಏಜೆಂಟರ ಎದುರಿಗೆ ಕನಿಷ್ಠ ಐವತ್ತು ಅಣಕು ಮತ ಹಾಕಿ ಯಂತ್ರ ಸರಿಯಿದೆಯೆಂದು ತೋರಿಸಬೇಕು. ಆಮೇಲೆ ಕ್ಲೋಸ್ ಒತ್ತಿ ಮುಗಿಸಬೇಕು, ರಿಸಲ್ಟ್ ಒತ್ತಿ ಫಲಿತಾಂಶ ತೋರಿಸಬೇಕು, ಕ್ಲಿಯರ್ ಒತ್ತಿ ಆ ಐವತ್ತನ್ನೂ ಅಳಿಸಬೇಕು. ಯಂತ್ರ ಸೊನ್ನೆಗೆ ಬಂದದ್ದನ್ನು ಎಲ್ಲರಿಗೂ ತೋರಿಸಿ, ಸೀಲ್ ಹಾಕಿ, ಬೆಳಿಗ್ಗೆ ಏಳಕ್ಕೆ ಬಾಗಿಲು ತೆರೆಯಬೇಕು.

ಆ ಸಲ ಸಿಬ್ಬಂದಿ ಸಾಲದೆ ತರಬೇತುದಾರರನ್ನೂ ಮತಗಟ್ಟೆಗೆ ಹಾಕಿದರು. ಜಗಳೂರು ತಾಲ್ಲೂಕಿನ ಒಂದು ಹಳ್ಳಿಗೆ ನಾನು ಅಧ್ಯಕ್ಷಾಧಿಕಾರಿ, ಅಂದರೆ ಮತಗಟ್ಟೆಯ ಯಜಮಾನ. ಮತದಾರರ ಸಹಿ ಪುಸ್ತಕ ನೋಡಿಕೊಳ್ಳಲು ನ್ಯಾಮತಿ ಕಡೆಯ ಪ್ರಾಥಮಿಕ ಶಾಲಾ ಶಿಕ್ಷಕಿ ಶೋಭಾ ಮೇಡಂ ಇದ್ದರು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು.

ಅಣಕು ಮತದಾನ ಸುಗಮವಾಗಿ ಮುಗಿಯಿತು. ಇನ್ನು ಕ್ಲೋಸ್ ಒತ್ತಬೇಕು. ಆಗ ಬಸಪ್ಪ ಎಂಬ ಹಿರಿಯ ಏಜೆಂಟರು, "ಮೇಷ್ಟ್ರೇ, ನಮ್ಮ ಕ್ಷೇತ್ರ ಮೊದ್ಲು ಚಿತ್ರದುರ್ಗಕ್ಕೆ ಸೇರಿತ್ತಂತಲ್ರಿ, ಹೌದಾ?" ಎಂದು ಕೇಳಿದರು. ಸಮಾಜ ವಿಜ್ಞಾನದ ಮೇಷ್ಟ್ರಿಗೆ ಇಂಥ ಪ್ರಶ್ನೆ ಕೇಳಬಾರದು. ಕೈ ವಿವಿಪ್ಯಾಟಿನ, ಅಂದರೆ ಪ್ರತಿ ಮತಕ್ಕೂ ಚೀಟಿ ಮುದ್ರಿಸುವ ಯಂತ್ರದ, ಅಣಕು ಚೀಟಿಗಳನ್ನು ಕಪ್ಪು ಲಕೋಟೆಗೆ ತುಂಬುತ್ತಿತ್ತು, ಬಾಯಿ ಎಪ್ಪತ್ತೇಳನೇ ಇಸವಿಗೆ ಹೋಗಿತ್ತು. ದಾವಣಗೆರೆ ಪ್ರತ್ಯೇಕ ಕ್ಷೇತ್ರವಾದದ್ದು, ಜಗಳೂರಿನಿಂದ ಹೊನ್ನಾಳಿಯವರೆಗೆ ಎಂಟು ವಿಧಾನಸಭಾ ಕ್ಷೇತ್ರಗಳು ಸೇರಿ ಒಬ್ಬ ಸಂಸದನನ್ನು ಆರಿಸುವುದು, ನ್ಯಾಮತಿ ಬೇರೆ ತಾಲ್ಲೂಕಾದರೂ ಓಟಿನ ಲೆಕ್ಕದಲ್ಲಿ ಹೊನ್ನಾಳಿಯ ಜೊತೆಗೇ ಇರುವುದು, ಎಲ್ಲ ಹೇಳಿದೆ. ೨೦೦೯ರಲ್ಲಿ ಲಕ್ಷಾಂತರ ಮತ ಬಿದ್ದೂ ಗೆಲುವಿನ ಅಂತರ ಎರಡು ಸಾವಿರದ ಆಸುಪಾಸಿನಲ್ಲಿ ನಿಂತದ್ದನ್ನು ಹೇಳುವಾಗಲಂತೂ ಏಜೆಂಟರು ಪಾಠ ಕೇಳುವ ಮಕ್ಕಳ ಹಾಗೆ ಕೂತಿದ್ದರು. "ಒಂದು ಬೂತಿಗೆ ಒಂದೆರಡು ಓಟು ಅಷ್ಟೇ ನೋಡಿ ವ್ಯತ್ಯಾಸ" ಎಂದು ಪಾಠ ಮುಗಿಸಿದೆ. ಅಷ್ಟರಲ್ಲಿ ಏಳು ಗಂಟೆಗೆ ಐದೇ ನಿಮಿಷ ಇತ್ತು, ಹೊರಗೆ ಸಾಲು ಗದ್ದಲ ಮಾಡುತ್ತಿತ್ತು. ಸೀಲ್ ಹಾಕಿದೆ. ಯಂತ್ರ ಸೊನ್ನೆ ತೋರಿಸಿದೆ ಎಂಬ ಪ್ರಮಾಣಪತ್ರಕ್ಕೆ ಏಜೆಂಟರೂ ನಾನೂ ನೋಡದೆಯೇ ಸಹಿ ಮಾಡಿದೆವು.

ಎರಡು ಗಂಟೆಗೊಮ್ಮೆ ಎಷ್ಟು ಮತದಾನವಾಯಿತೆಂದು ಮೇಲಕ್ಕೆ ವರದಿ ಕೊಡಬೇಕು. ಒಂಬತ್ತಕ್ಕೆ ಟೋಟಲ್ ಒತ್ತಿಸಿದೆ. ಶೋಭಾ ಮೇಡಂ ಪುಸ್ತಕವನ್ನು ನನ್ನ ಕಡೆ ಸರಿಸಿ ಮೆಲ್ಲಗೆ ಹೇಳಿದರು. "ಸರ್, ನಮ್ಮ ಪುಸ್ತಕದಾಗೆ ಎಂಬತ್ತೆಂಟು ಐತೆ. ಮಿಷಿನ್ನಾಗೆ ನೂರಾ ಮೂವತ್ತೆಂಟು ತೋರಿಸ್ತೈತೆ."

ವ್ಯತ್ಯಾಸ ಐವತ್ತು. ನನಗೆ ಕೂಡಲೇ ಗೊತ್ತಾಯಿತು. ನಾನೇ ಕಲಿಸಿದ ಆ ಮೂರನ್ನೂ ಒತ್ತಿರಲಿಲ್ಲ, ಅಣಕು ಮತ ಯಂತ್ರದಲ್ಲೇ ಉಳಿದಿದ್ದವು. ಈಗ ಸೀಲ್ ಒಡೆದು ಕ್ಲಿಯರ್ ಒತ್ತಿದರೆ ಐವತ್ತರ ಜೊತೆ ಎಂಬತ್ತೆಂಟು ಜನರ ನಿಜವಾದ ಮತವೂ ಅಳಿಸಿಹೋಗುತ್ತದೆ. ಸುಮ್ಮನಿದ್ದರೆ ಎಣಿಕೆಯ ದಿನ ಸಿಕ್ಕಿಬೀಳುತ್ತೇನೆ. ಅತ್ತ ದರಿ, ಇತ್ತ ಪುಲಿ. ಎದ್ದು ಹೊರಗೆ ಹೋಗೋಣವೆಂದರೆ ಸಂಜೆ ಆರರವರೆಗೆ ಮತಗಟ್ಟೆ ಬಿಡುವ ಹಾಗಿಲ್ಲ. ಸುಳ್ಳು ಹೇಳಲಾರೆ, ಮೊದಲು ನೆನಪಾದದ್ದು ನನ್ನ ಪಿಂಚಣಿಯೇ.

"ಮೇಡಂ, ಏನು ಮಾಡೋಣ?" ಎಂದೆ. ಅಷ್ಟು ಜನಕ್ಕೆ ಪಾಠ ಹೇಳಿದವನು!

"ಇದ್ದದ್ದನ್ನೇ ಬರೀರಿ ಸರ್. ನನಗಂತೂ ಎಂಬತ್ತೆಂಟೇ ಬರಿಯಾಕೆ ಬರೋದು."

ಸೆಕ್ಟರ್ ಅಧಿಕಾರಿಗೆ, ಅಂದರೆ ಹತ್ತಾರು ಮತಗಟ್ಟೆಗಳ ಉಸ್ತುವಾರಿಗೆ, ಫೋನ್ ಮಾಡಿದೆ. ಆತ ಬಂದು, ಮೇಲಿನವರನ್ನು ಕೇಳಿ, ಹೇಳಿದ್ದಿಷ್ಟು. ಮತದಾನ ನಡೆಯಲಿ. ಎಣಿಕೆಯ ದಿನ ಈ ಯಂತ್ರವನ್ನು ಪಕ್ಕಕ್ಕಿಡುತ್ತಾರೆ. ಗೆಲುವಿನ ಅಂತರ ಇಲ್ಲಿಯ ಒಟ್ಟು ಮತಕ್ಕಿಂತ ಕಡಿಮೆ ಇದ್ದರೆ ಮಾತ್ರ ವಿವಿಪ್ಯಾಟ್ ಚೀಟಿ ಎಣಿಸುತ್ತಾರೆ. ಹೆಚ್ಚಿದ್ದರೆ ಮುಟ್ಟುವುದೇ ಇಲ್ಲ.

ಏಜೆಂಟರಿಗೂ ತಿಳಿಸಿದೆವು. ಸೊನ್ನೆ ನೋಡಿದ್ದೇವೆಂದು ತಾವೂ ಸಹಿ ಮಾಡಿದ್ದು ಅವರಿಗೆ ನೆನಪಾಯಿತು. ಬಸಪ್ಪ ಟವೆಲಿನಿಂದ ಮುಖ ಒರೆಸಿಕೊಂಡು, "ಹೊರಗೆ ಬಾಯಿ ಬಿಡಬ್ಯಾಡ್ರಿ ಮೇಷ್ಟ್ರೇ. ಜನ ವಾಪಸ್ ಹೋದ್ರೆ ಎಲ್ಲಾರ್ಗೂ ಲುಕ್ಸಾನು" ಎಂದರು. ಸೆಕ್ಟರ್ ಅಧಿಕಾರಿಯೂ ಗಲಾಟೆ ಬೇಡವೆಂದರು. ಸತ್ಯ ಹೇಳುತ್ತೇನೆ, ನನಗೂ ಅದೇ ಬೇಕಾಗಿತ್ತು.

ಆಮೇಲಿನ ಒಂಬತ್ತು ಗಂಟೆ ನನ್ನ ನೌಕರಿಯ ಅತಿ ಉದ್ದದ ದಿನ. ಒಬ್ಬೊಬ್ಬರೇ ಒಳಗೆ ಬಂದು ಬೆರಳಿಗೆ ಶಾಯಿ ಹಾಕಿಸಿಕೊಂಡು, ಬಹುಶಃ ಯಾರೂ ಎಣಿಸದ ಯಂತ್ರಕ್ಕೆ ಮತ ಹಾಕುತ್ತಿದ್ದರು. ನಾನು ಕುರ್ಚಿಗೆ ಕಟ್ಟಿಹಾಕಿದವನಂತೆ ಕೂತು ನೋಡುತ್ತಿದ್ದೆ. ಮಧ್ಯಾಹ್ನ ಗಂಗಮ್ಮ ಎಂಬ ಅರವತ್ತು ದಾಟಿದ ಹೆಂಗಸು ಏದುಸಿರು ಬಿಡುತ್ತ ಬಂದರು. "ಮಗಳಿಗೆ ಹೊನ್ನಾಳಿ ಆಸ್ಪತ್ರ್ಯಾಗೆ ಹೆರಿಗೆ ಆಗೈತೆ ಸರ್. ಕೂಸಿನ್ನ ಬೀಗತಿ ಕೈಯಾಗೆ ಕೊಟ್ಟು, ಎರಡು ಬಸ್ಸು ಹತ್ತಿ ಬಂದೀನಿ. ಮತ್ತೆ ಹೋಗಾಕೆ ಬೇಕು" ಎಂದರು. ಮತ ಹಾಕಿ ಹೊರಟವರು ನನ್ನ ಮೇಜಿನ ಹತ್ತಿರ ನಿಂತರು.

"ಪೀಂ ಅಂತು. ಸೇರ್ತಲ್ರಿ ನಂದು?"

"ಸೇರಿತಮ್ಮ" ಎಂದೆ. ಶೋಭಾ ಮೇಡಂ ತಲೆ ಎತ್ತಲಿಲ್ಲ.

ಸಂಜೆಗೆ ಪುಸ್ತಕದಲ್ಲಿ ಏಳುನೂರ ಹನ್ನೊಂದು ಸಹಿ. ಅಧ್ಯಕ್ಷಾಧಿಕಾರಿಯ ದಿನಚರಿಯಲ್ಲಿ ತಪ್ಪು ನನ್ನದೇ ಎಂದು ಬರೆದುಕೊಟ್ಟೆ. ವಾರದೊಳಗೆ ಅಮಾನತಾದೆ.

ಎಣಿಕೆಯ ದಿನ ಟಿವಿ ಮುಂದೆ ಕೂತು ದೇವರಲ್ಲಿ ಬೇಡಿಕೊಂಡದ್ದು ಒಂದೇ, ಯಾರೂ ಸುಲಭವಾಗಿ ಗೆಲ್ಲದಿರಲಿ. ಅಂತರ ಏಳುನೂರರ ಒಳಗೆ ನಿಂತರೆ ಸಾಕಿತ್ತು. ಅದು ಸಾವಿರ ದಾಟಿತು, ಹತ್ತು ಸಾವಿರ ದಾಟಿತು. ಮನೆಯವಳು, "ಯಾರು ಗೆದ್ರೆ ನಿಮಗೇನ್ರಿ, ಹಿಂಗ್ಯಾಕೆ ಕೂತೀರಿ?" ಎಂದಳು. ನನಗೆ ಅಳು ಬಂತು.

ವಿಚಾರಣೆ ಮುಗಿದು, ಎಚ್ಚರಿಕೆ ಕೊಟ್ಟು ಮತ್ತೆ ಕೆಲಸಕ್ಕೆ ತೆಗೆದುಕೊಂಡರು. ನಿವೃತ್ತಿಯೂ ಆಯಿತು. ಆದರೂ ಮನಸ್ಸು ತಡೆಯದೆ ಒಂದು ದಿನ ಆ ಊರಿಗೆ ಹೋದೆ. ಗಂಗಮ್ಮ ಕಟ್ಟೆಯ ಮೇಲೆ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದರು. ನಡೆದದ್ದನ್ನು ಹೇಳಿದೆ. ಬೈಯುತ್ತಾರೆ, ಬೈಸಿಕೊಂಡು ಹಗುರಾಗೋಣ ಎಂಬ ಸ್ವಾರ್ಥವೂ ನನಗಿತ್ತು.

ಅವರು ಬೈಯಲಿಲ್ಲ. "ಸೇರ್ತು ಅಂದಿದ್ರಲ್ರಿ ನೀವು" ಎಂದರು. ಆಮೇಲೆ, "ಅವತ್ತೇ ಹೇಳಿದ್ರೆ ಬೈದು ಬಸ್ಸು ಹತ್ತುತಿದ್ದೆ, ಮುಗೀತಿತ್ತು. ಇನ್ನು ಮುಂದೆ ಹಾಕಿದ್ದು ಸೇರ್ತೋ ಇಲ್ಲೋ, ಯಾರನ್ನ ಕೇಳ್ಲಿ?" ಎಂದರು.

ತಪ್ಪನ್ನು ಮುಚ್ಚಿಡಲಿಲ್ಲವೆಂದು ಅಲ್ಲಿಯವರೆಗೂ ನನಗೆ ಒಳಗೊಳಗೇ ಹೆಮ್ಮೆಯಿತ್ತು. ದಿನಚರಿಯಲ್ಲಿ, ವರದಿಯಲ್ಲಿ, ವಿಚಾರಣೆಯಲ್ಲಿ, ಮೇಲಿನವರಿಗೆಲ್ಲ ಅದನ್ನು ಬರೆದುಕೊಟ್ಟಿದ್ದೆ. ನಾನು ಮೊದಲು ಹೇಳಬೇಕಾಗಿದ್ದವರು ಅವತ್ತು ಬಿಸಿಲಲ್ಲಿ, ನನ್ನ ಕಣ್ಣೆದುರೇ ಸಾಲಿನಲ್ಲಿ ನಿಂತಿದ್ದರು.